ಓಣಿಯೊಳಗೆ ಕಾರು, ಎರಡನೇ ಗೇರು

ನಮ್ಮ ಡ್ರೈವಿಂಗ್ ಸ್ಕೂಲಿಗೆ ಬರುವವರಿಗೆಲ್ಲ ದೊಡ್ಡ ರಸ್ತೆಯದೇ ಹೆದರಿಕೆ. ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್ ಬಂತೆಂದರೆ ಸ್ಟೇರಿಂಗ್ ಗಟ್ಟಿ ಹಿಡಿಯುತ್ತಾರೆ. ಪಕ್ಕದಲ್ಲಿ ಧಾರವಾಡಕ್ಕೆ ಓಡುವ ಚಿಗರಿ ಬಸ್ ಹೋದರೂ ಬೆವರುತ್ತಾರೆ. ಅದೇ ತಮ್ಮ ಓಣಿಗೆ ಹೊರಳಿದ ಕೂಡಲೇ ಮೈ ಸಡಿಲ. "ಮನಿ ಬಂತಲ್ರೀ ಸರ್" ಎನ್ನುತ್ತಾ ಕಾಲು ಆಕ್ಸಿಲರೇಟರ್ ಮೇಲೆಯೇ ಇಟ್ಟಿರುತ್ತಾರೆ. ನನಗೆ ಭಯ ಶುರುವಾಗುವುದೇ ಅಲ್ಲಿ.

ಹಳೇ ಹುಬ್ಬಳ್ಳಿಯ ಕಡೆ ನೋಡಿ. ಫುಟ್‌ಪಾತ್ ಎಂಬುದೇ ಇಲ್ಲ. ಮನೆಯ ಕಟ್ಟೆ ಮುಗಿದಲ್ಲಿ ರಸ್ತೆ. ಕಟ್ಟೆಯ ಮೇಲೆ ಕೂತ ಅಜ್ಜ ಕಾಲು ಚಾಚಿದರೆ ಅದು ರಸ್ತೆಗೇ ಬರುತ್ತದೆ. ನೀರು ಬಿಟ್ಟ ದಿನವಂತೂ ಕೊಡ, ಪೈಪು, ಬಕೆಟ್ಟು ಎಲ್ಲ ಹೊರಗೇ. ಇದನ್ನೆಲ್ಲ ಗಾಡಿಗೆ ಅಡ್ಡಿ ಅಂತ ನೋಡುವುದೇ ತಪ್ಪು. ಅಲ್ಲಿ ಬದುಕುವವರು ಅವರು, ಹಾದು ಹೋಗುವವರು ನಾವು.

ಈ ಮಾತನ್ನು ಕಾನೂನನ್ನಾಗಿ ಮಾಡಿದ ದೇಶಗಳಿವೆ. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ಊರಲ್ಲಿ 1960ರ ದಶಕದ ಕೊನೆಗೆ 'ವೋನರ್ಫ್' ಎಂಬ ಬೀದಿಗಳು ಶುರುವಾದವು. 1976ರಲ್ಲಿ ಅವಕ್ಕೆ ಕಾನೂನಿನ ಬಲ ಸಿಕ್ಕಿತು. ಅಲ್ಲಿ ಮಕ್ಕಳು ರಸ್ತೆಯ ನಡುವೆಯೇ ಆಡಬಹುದು, ಗಾಡಿಗಳು ನಡಿಗೆಯ ವೇಗದಲ್ಲಿ ಹೋಗಬೇಕು. ಜರ್ಮನಿಯಲ್ಲಿ ಇಂಥ ಬೀದಿಯ ಬಾಯಿಗೆ ನೀಲಿ ಬೋರ್ಡ್ ಇರುತ್ತದೆ, ಅದರ ಮೇಲೆ ಚೆಂಡಾಡುವ ಮಗುವಿನ ಚಿತ್ರ. ಫ್ರಾನ್ಸ್‌ನಲ್ಲಿ ಇಂಥ ಕಡೆ ಗಂಟೆಗೆ 20 ಕಿಲೋಮೀಟರ್ ಮಿತಿ. ನಮ್ಮ ಓಣಿಗಳಿಗೆ ಇಂಥ ಬೋರ್ಡ್ ಇಲ್ಲ ನಿಜ. ಆದರೆ ನಮ್ಮ ದೇಶದ 2017ರ ಚಾಲನಾ ನಿಯಮಗಳೂ ನಡೆಯುವವರು, ಮಕ್ಕಳು, ವಯಸ್ಸಾದವರ ಬಗ್ಗೆ ಚಾಲಕ ವಿಶೇಷ ಕಾಳಜಿ ವಹಿಸಬೇಕು ಎನ್ನುತ್ತವೆ. ಲೈಸೆನ್ಸ್ ಸಿಕ್ಕ ಮೇಲೆ ಅದನ್ನು ತೆರೆದು ನೋಡುವವರು ಯಾರು, ಅದು ಬೇರೆ ಮಾತು.

ಇಪ್ಪತ್ತೇ ಯಾಕೆ? ಲೆಕ್ಕ ಹಾಕೋಣ. ಒಣ ರಸ್ತೆ, ಒಳ್ಳೆಯ ಬ್ರೇಕು, 13 ಮೀಟರ್ ಮುಂದೆ ಒಂದು ಮಗು ಓಡಿ ಬಂತು ಅನ್ನಿ. ಕಣ್ಣು ನೋಡಿ ಕಾಲು ಬ್ರೇಕ್ ಒತ್ತುವುದಕ್ಕೆ ಒಂದು ಸೆಕೆಂಡು ಬೇಕು. 20ರಲ್ಲಿದ್ದರೆ ಸುಮಾರು 8 ಮೀಟರಿಗೆ ಗಾಡಿ ನಿಲ್ಲುತ್ತದೆ. 30ರಲ್ಲಿದ್ದರೆ ಮಗುವಿನ ಮುಂದೆ ಬಂದು ಹೇಗೋ ನಿಲ್ಲುತ್ತದೆ. 40ರಲ್ಲಿದ್ದರೆ? ಬ್ರೇಕ್ ಹಿಡಿಯುವುದರೊಳಗೇ 11 ಮೀಟರ್ ಹೋಗಿಬಿಟ್ಟಿರುತ್ತದೆ. ಉಳಿದ ಎರಡು ಮೀಟರಿನಲ್ಲಿ ವೇಗ ಎಷ್ಟು ಇಳಿದೀತು? ಮಗುವಿಗೆ ಬಡಿಯುವಾಗಲೂ 35ರ ಹತ್ತಿರವೇ ಇರುತ್ತದೆ. ಪೈಪ್‌ಲೈನಿಗೆ ಅಗೆದು ಮುಚ್ಚಿದ ಜಲ್ಲಿ, ಮರಳು ಬಿದ್ದಿದ್ದರೆ ಇನ್ನೂ ಕಷ್ಟ. ಇಷ್ಟಕ್ಕೂ ಉಳಿಯುವ ಸಮಯ ಎಷ್ಟು? 300 ಮೀಟರ್ ಓಣಿಯನ್ನು 40ರಲ್ಲಿ ದಾಟಲು 27 ಸೆಕೆಂಡು, 20ರಲ್ಲಿ 54.

ಒಂದು ವಿಚಿತ್ರ ನೋಡಿ. ರಸ್ತೆಯಲ್ಲಿ ತಗ್ಗು ಬಿದ್ದಿದ್ದಾಗ ಎಲ್ಲರೂ ಬೈಯುತ್ತಿದ್ದೆವು, ಆದರೆ ನಿಧಾನ ಹೋಗುತ್ತಿದ್ದೆವು. ಸಿಸಿ ರಸ್ತೆ ಆದ ಮೇಲೆ ಅದೇ ಓಣಿಯಲ್ಲಿ ಬೈಕುಗಳು ಹಾರುತ್ತವೆ. ಹಾಗಂತ ತಗ್ಗೇ ಇರಲಿ ಎನ್ನುತ್ತಿಲ್ಲ. ಈಗ ವೇಗ ತಡೆಯುವ ಕೆಲಸ ನಮ್ಮ ಕಾಲಿನದು.

ಕಾರು ಎರಡನೇ ಗೇರಿನಲ್ಲಿರಲಿ, ಜನ ಜಾಸ್ತಿ ಇದ್ದರೆ ಮೊದಲನೇದಕ್ಕೆ ಬನ್ನಿ. ಬಲಗಾಲು ಬ್ರೇಕ್ ಮೇಲೆ ಸುಮ್ನೆ ತಾಗಿಸಿಕೊಂಡಿರಲಿ. ಎದುರಿನಿಂದ ಗಾಡಿ ಇಲ್ಲದಿದ್ದರೆ ಮನೆಗಳ ಗೋಡೆ ಬಿಟ್ಟು ನಡುವೆ ನಡೆಸಿ, ಯಾವ ಬಾಗಿಲಿನಿಂದ ಯಾರು ಬರುತ್ತಾರೋ ಗೊತ್ತಾಗುವುದಿಲ್ಲ. ನಿಂತ ಟಂಟಂ ಆಟೋ, ಕಾರುಗಳ ಕೆಳಗೆ ದೂರದಿಂದಲೇ ಕಣ್ಣಾಡಿಸಿ. ಆ ಕಡೆ ಇರುವವರ ಕಾಲು ಕಾಣುತ್ತದೆ. ಚೆಂಡು ಬಂದರೆ ನಿಲ್ಲಿಸಿಬಿಡಿ, ಹಿಂದೆ ಯಾರಾದರೂ ಬಂದೇ ಬರುತ್ತಾರೆ.

ಹಾರ್ನ್ ಬಗ್ಗೆ ನನ್ನದು ಸ್ವಲ್ಪ ಹಟ. ಕುರುಡು ತಿರುವಿನಲ್ಲಿ ಒಂದು ಸಣ್ಣ ಹಾರ್ನ್, ಸಾಕು. ಆಡುವ ಹುಡುಗರ ಹಿಂದೆ ನಿಂತು ಬಾರಿಸಿದರೆ ಒಬ್ಬ ಎಡಕ್ಕೆ ಓಡುತ್ತಾನೆ, ಇನ್ನೊಬ್ಬ ಬಲಕ್ಕೆ, ಮೂರನೆಯವ ಗಾಬರಿಯಾಗಿ ಅಲ್ಲೇ ನಿಲ್ಲುತ್ತಾನೆ. ಕಿವಿ ಮಂದವಾದ ಅಜ್ಜಿಗೆ ಅದು ಕೇಳಿಸುವುದೇ ಇಲ್ಲ. ಕಾಯಿರಿ, ಅವರೇ ಸರಿಯುತ್ತಾರೆ. ಎಲೆಕ್ಟ್ರಿಕ್ ಸ್ಕೂಟರಿನವರು ಇನ್ನೂ ಹುಷಾರಾಗಿರಬೇಕು. ಅದು ಬಂದದ್ದು ಬೆನ್ನು ಹಾಕಿ ರಂಗೋಲಿ ಬಿಡುವವರಿಗೆ ಗೊತ್ತಾಗುವುದಿಲ್ಲ.

"ಓಣಿಯಾಗ ತಾನೇ" ಎಂದು ಹೈಸ್ಕೂಲ್ ಹುಡುಗನ ಕೈಗೆ ಬೈಕಿನ ಕೀಲಿ ಕೊಡುವ ಅಪ್ಪಂದಿರು ಒಂದು ವಿಷಯ ತಿಳಿದಿರಲಿ. 2019ರ ತಿದ್ದುಪಡಿಯ ನಂತರ ಮಗ ಅಪರಾಧ ಮಾಡಿದರೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಪಾಲಕರಿಗೆ. ಗಾಡಿಯ ನೋಂದಣಿಯೂ 12 ತಿಂಗಳು ರದ್ದು.

ಎಲ್ಲಕ್ಕಿಂತ ನನಗೆ ಹೆದರಿಕೆ ರಿವರ್ಸ್ ಗೇರಿನದು. ದೊಡ್ಡ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಗೋಲಿ ಆಡುವ ಮಗು ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ. ಕ್ಯಾಮೆರಾ ಇದೆ ಎನ್ನುತ್ತೀರಿ, ಆದರೆ ನಮ್ಮ ಊರಿನ ಧೂಳಿಗೆ ಅದರ ಕಣ್ಣೂ ಮಂಜಾಗಿರುತ್ತದೆ. ಹತ್ತುವ ಮೊದಲು ಗಾಡಿಯ ಸುತ್ತ ಒಮ್ಮೆ ನಡೆದು ಬನ್ನಿ. ಮನೆಯವರೊಬ್ಬರು ಹಿಂದೆ, ಪಕ್ಕಕ್ಕೆ ನಿಮಗೆ ಕಾಣುವಂತೆ ನಿಲ್ಲಲಿ. ಇನ್ನೂ ಒಳ್ಳೆಯದೆಂದರೆ ರಾತ್ರಿ ಬಂದಾಗಲೇ ಹಿಂದೆ ಹಾಕಿ ನಿಲ್ಲಿಸುವುದು, ಆಗ ಓಣಿಯನ್ನು ಆಗಷ್ಟೇ ನೋಡಿಕೊಂಡು ಬಂದಿರುತ್ತೀರಿ. ಬೆಳಿಗ್ಗೆ ಶಾಲೆಯ ಆಟೋ ಬರುವ ಗದ್ದಲದಲ್ಲಿ ಮೂತಿ ಮುಂದೆ ಮಾಡಿಕೊಂಡೇ ಹೊರಡಬಹುದು.