ಫೋಟೊ ಬೀಳಲಿಲ್ಲವೆಂದರೆ ಚಿರತೆ ಇಲ್ಲವೆಂದಲ್ಲ

ಹುಲಿ, ಚಿರತೆಗಳನ್ನು ಕ್ಯಾಮೆರಾ ಟ್ರ್ಯಾಪ್‌ಗಳಿಂದ (ಪ್ರಾಣಿ ಎದುರು ಹಾದಾಗ ತಾನಾಗಿ ಫೋಟೊ ತೆಗೆಯುವ ಕ್ಯಾಮೆರಾಗಳಿಂದ) ಅಧ್ಯಯನ ಮಾಡುವ ಕೆಲಸಕ್ಕೆ ಸಂಶೋಧನಾ ಸಹಾಯಕರು ಬೇಕಾದಾಗಲೆಲ್ಲ ಉಡುಪಿಯಲ್ಲಿ ನಾನೂ ಸಂದರ್ಶನಕ್ಕೆ ಕುಳಿತುಕೊಳ್ಳುತ್ತೇನೆ. ಬರುವ ಮಕ್ಕಳು ಡ್ರೋನ್ ಹಾರಿಸಬಲ್ಲರು, ಫೋಟೊ ವಿಂಗಡಿಸುವ ತಂತ್ರಾಂಶವನ್ನೂ ಬಲ್ಲರು. ಆದರೆ ಮೂವತ್ತು ದಿನ ಇಟ್ಟ ಕ್ಯಾಮೆರಾದಲ್ಲಿ ಚಿರತೆಯ ಒಂದು ಫೋಟೊವೂ ಸಿಗದಿದ್ದರೆ ವರದಿಯಲ್ಲಿ ಏನು ಬರೆಯುತ್ತೀರೆಂದು ಕೇಳಿದರೆ, ಹೆಚ್ಚಿನವರು ತಡವರಿಸದೆ ‘ಅಲ್ಲಿ ಚಿರತೆ ಇಲ್ಲ ಸರ್’ ಎನ್ನುತ್ತಾರೆ. ಈ ಉತ್ತರ ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ.

ಕಾರ್ಕಳದಾಚೆ, ಕುದುರೆಮುಖದ ತಪ್ಪಲಿನ ಒಂದು ಅಡಿಕೆ ತೋಟದಲ್ಲಿ ನಮ್ಮ ಹುಡುಗನೊಬ್ಬ ಹೀಗೆಯೇ ಬರೆದುಕೊಂಡು ಬಂದಿದ್ದ. ನಾನು ಹೋಗಿ ನೋಡಿದರೆ ಲೆನ್ಸಿನ ಮುಂದೆ ಜೇಡರ ಬಲೆ. ಅಲ್ಲಿಂದ ಎರಡು ಮಾರು ದೂರದಲ್ಲಿ, ತೋಡಿನ ಅಂಚಿನ ಕೆಸರಿನಲ್ಲಿ, ಉಗುರಿನ ಗುರುತಿಲ್ಲದ ದುಂಡನೆಯ ಹೆಜ್ಜೆ, ಚಿರತೆಯದೇ. ತೋಟದ ಯಜಮಾನರು, ‘ಚಿಟ್ಟೆಪಿಲಿ (ತುಳುವಿನಲ್ಲಿ ಚಿರತೆ) ನಿಮ್ಮ ಪೆಟ್ಟಿಗೆಯ ಹಿಂದಿನಿಂದ ಹೋಗುತ್ತದೆ ಮಾರಾಯ್ರೆ, ಮುಂದಿನಿಂದಲೇ ಹೋಗಬೇಕೆಂದು ಅದಕ್ಕೆ ಹೇಳಿದವರು ಯಾರು?’ ಎಂದರು.

ಅವರ ಮಾತಿನಲ್ಲೇ ವಿಷಯವಿದೆ. ಈ ಕ್ಯಾಮೆರಾದ ಸಂವೇದಕ ಹಿನ್ನೆಲೆಗಿಂತ ಬೇರೆ ಉಷ್ಣತೆಯ ಮೈ ಎದುರಿನಲ್ಲಿ ಚಲಿಸಿದಾಗ ಎಚ್ಚರಗೊಳ್ಳುತ್ತದೆ. ನಮ್ಮ ಕರಾವಳಿಯ ಬೇಸಗೆಯ ಮಧ್ಯಾಹ್ನ ಗಾಳಿಯೇ ಮೈಯ ಬಿಸಿಗೆ ಹತ್ತಿರವಾದಾಗ ಆ ವ್ಯತ್ಯಾಸ ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಮಳೆಗಾಲದಲ್ಲಿ ಗಾಜಿನೊಳಗೆ ತೇವ ಕಟ್ಟುತ್ತದೆ. ಆದ್ದರಿಂದ ಅಲ್ಲಿದ್ದ ಪ್ರಾಣಿ ಫೋಟೊದಲ್ಲಿ ಬೀಳುವ ಸಂಭವ ಎಷ್ಟು ಎಂಬುದನ್ನು ಮೊದಲು ಅಂದಾಜಿಸಬೇಕು. ಸಂಖ್ಯೆಯ ಮಾತು ಆಮೇಲೆ.

ಇದನ್ನು ಒಂದು ಲೆಕ್ಕದ ಮೂಲಕ ಹೇಳುತ್ತೇನೆ. ಮೈಮೇಲಿನ ಚುಕ್ಕೆಗಳಿಂದ ಪ್ರತಿ ಚಿರತೆಯನ್ನೂ ಬೇರೆಯಾಗಿ ಗುರುತಿಸಬಹುದು. ಎಡಮಗ್ಗುಲಿನ ಚುಕ್ಕೆಗಳೇ ಬೇರೆ, ಬಲಮಗ್ಗುಲಿನವೇ ಬೇರೆಯಾದ ಕಾರಣ ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟುತ್ತೇವೆ. ಮೊದಲ ಸುತ್ತಿನಲ್ಲಿ 8 ಚಿರತೆ ಸಿಕ್ಕವು, ಎರಡನೆಯ ಸುತ್ತಿನಲ್ಲಿ 6 ಸಿಕ್ಕವು, ಆ 6ರಲ್ಲಿ 4 ಮೊದಲ ಸುತ್ತಿನಲ್ಲಿ ಸಿಕ್ಕವೇ ಎಂದಿಟ್ಟುಕೊಳ್ಳಿ. ನಾವು ಫೋಟೊದಲ್ಲಿ ಕಂಡದ್ದು 10. ಆದರೆ ಎರಡನೆಯ ಸುತ್ತಿನ 6ರಲ್ಲಿ 4 ಮಾತ್ರ ಮೊದಲೇ ಸಿಕ್ಕಿದ್ದವೆಂದರೆ, ಮೊದಲ ಸುತ್ತು ಒಟ್ಟಿನ ಮೂರರಲ್ಲಿ ಎರಡು ಪಾಲನ್ನಷ್ಟೇ ಹಿಡಿದಿತ್ತು ಎಂದಾಯಿತು. ಆ ಎರಡು ಪಾಲು 8 ಆದರೆ ಒಟ್ಟು 12. ಕಾಣದ ಆ ಎರಡನ್ನು ಲೆಕ್ಕಕ್ಕೆ ತರುವುದೇ ನಮ್ಮ ಕಸುಬು. ನಮ್ಮ ಕರಾವಳಿಯವರೇ ಆದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯ ಹುಲಿಗಳಿಗೆ ಈ ಕ್ರಮವನ್ನು ಅನ್ವಯಿಸಿ ತೋರಿಸಿದರು. ಇಂದಿನ ಲೆಕ್ಕಾಚಾರದಲ್ಲಿ ಕ್ಯಾಮೆರಾ ಇಟ್ಟ ಜಾಗಗಳೂ ಸೇರುತ್ತವೆ, ಗಣಿತ ಇಷ್ಟು ಸರಳವಲ್ಲ. ಹಾಗೆ ಬಂದ ಸಂಖ್ಯೆಯನ್ನೂ ‘ಇಷ್ಟರಿಂದ ಇಷ್ಟರೊಳಗೆ’ ಎಂದೇ ಹೇಳಬೇಕಾಗುತ್ತದೆ.

ಆ ಹುಡುಗ ಜಾಣ, ಈಗಲೂ ನಮ್ಮೊಂದಿಗಿದ್ದಾನೆ. ಅಂದು ಅವನಿಂದಲೇ ವರದಿ ತಿದ್ದಿಸಿದೆ: ‘ಚಿರತೆ ಇಲ್ಲ’ ಎಂಬುದನ್ನು ಹೊಡೆದು, ‘ಮೂವತ್ತು ದಿನಗಳಲ್ಲಿ ದಾಖಲಾಗಿಲ್ಲ, ಹದಿನೇಳನೆಯ ದಿನದಿಂದ ಲೆನ್ಸಿಗೆ ಬಲೆ ಅಡ್ಡವಿತ್ತು, ತೋಡಿನ ಬದಿಯಲ್ಲಿ ಹೆಜ್ಜೆ ಇದೆ’ ಎಂದು ಬರೆದ. ಯಜಮಾನರಿಗೆ ರಾತ್ರಿ ನಾಯಿಯನ್ನು ಒಳಗೆ ಕಟ್ಟಲು ಹೇಳಿ, ಕ್ಯಾಮೆರಾವನ್ನು ತೋಡಿನ ಕಡೆಗೆ, ಮೊಣಕಾಲೆತ್ತರಕ್ಕೆ, ಬಿಗಿದು ಬಂದೆವು.