ಹೆಂಚಿನ ಅಂಚು ಗಾಢವಾಗಿದ್ದು ಹೇಗೆ?

ಮಸಿಯಲ್ಲಿ ಗೆರೆ ಎಳೆದು ಜಲವರ್ಣ ತುಂಬುವ ಚಿತ್ರಕ್ಕೆ ಹೆಂಚಿನ ಛಾವಣಿಗಿಂತ ಒಳ್ಳೆಯ ವಸ್ತು ನನಗಂತೂ ಕಂಡಿಲ್ಲ. ನಾಲ್ಕು ಓರೆಗೆರೆ, ಒಂದು ಚಿಮಣಿ, ಹಿಂದೆ ಆಕಾಶ ಇದ್ದರೆ ಸಾಕು. ಕೆಂಪು ಬಳಿದು ಒಣಗಲು ಬಿಟ್ಟರೆ ಛಾವಣಿಯ ನಡುಭಾಗ ತಿಳಿಯಾಗಿ, ಅಂಚಿನುದ್ದಕ್ಕೂ ಗಾಢ ಕೆಂಪಿನ ಎಳೆಯೊಂದು ಮೂಡುತ್ತದೆ. ಕುಂಚ ಒತ್ತಿದ್ದಕ್ಕೆ ಹೀಗಾಯಿತು ಎನ್ನುವವರೇ ಹೆಚ್ಚು. ಇದು ನಿಜವಲ್ಲ. ಕುಂಚ ಮುಟ್ಟಿಸದೆ ಒಂದು ಹನಿ ಬಣ್ಣದ ನೀರನ್ನು ಕಾಗದದ ಮೇಲೆ ಬೀಳಿಸಿ ನೋಡಿ, ಅದೂ ಅಂಚು ಕಟ್ಟಿಕೊಂಡೇ ಒಣಗುತ್ತದೆ.

ಇದರ ಗುಟ್ಟು ಬಿಚ್ಚಿಟ್ಟದ್ದು ಚೆಲ್ಲಿದ ಕಾಫಿ. ಷಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಕಾಫಿ ಕಲೆಯ ಉಂಗುರವನ್ನು ವಿವರಿಸಿದರು. ನೀರಿನ ಅಂಚು ಒರಟು ಮೈಗೆ ಕಚ್ಚಿಕೊಳ್ಳುತ್ತದೆ, ಹಿಂದೆ ಸರಿಯುವುದಿಲ್ಲ. ಆದರೆ ಆವಿಯಾಗುವುದು ಅಂಚಿನಲ್ಲೇ ಹೆಚ್ಚು, ಏಕೆಂದರೆ ಅಲ್ಲಿಂದ ಆವಿಗೆ ಸುತ್ತಲಿನ ಒಣಗಾಳಿಗೆ ಹರಡಲು ದಾರಿ ಸಲೀಸು. ಕಳೆದುಹೋದ ನೀರನ್ನು ನಡುಭಾಗವೇ ತುಂಬಿಕೊಡಬೇಕು. ಹೀಗೆ ಒಳಗಿನಿಂದ ಹೊರಕ್ಕೆ ಕಣ್ಣಿಗೆ ಕಾಣದ ಹರಿವು ಶುರುವಾಗುತ್ತದೆ. ನೆರೆನೀರು ಹೂಳನ್ನು ಹೊತ್ತು ತರುವಂತೆ ಅದು ಬಣ್ಣದ ಕಣಗಳನ್ನು ಅಂಚಿಗೆ ತಂದು ರಾಶಿ ಹಾಕುತ್ತದೆ. ನಾವು ಕುಂಚ ತೊಳೆದಿಟ್ಟ ಮೇಲೂ ಕಾಗದದ ಮೇಲೆ ಚಿತ್ರ ನಡೆಯುತ್ತಲೇ ಇರುತ್ತದೆ! ಎಷ್ಟು ಸಲ ನೋಡಿದರೂ ನನಗೆ ಈ ಸಂಗತಿ ಹಳತಾಗುವುದಿಲ್ಲ.

ಇಷ್ಟು ನೀರಾಡಿದರೂ ಮಸಿಗೆರೆ ಕದಡುವುದಿಲ್ಲವಲ್ಲ, ಅದು ಬೇರೆಯೇ ಕಥೆ. ದೀಪದ ಕಾಡಿಗೆಗೆ ಅಂಟು ಬೆರೆಸಿ ಮಸಿ ಮಾಡುವ ವಿದ್ಯೆ ಪ್ರಾಚೀನ ಚೀನಾ, ಈಜಿಪ್ಟ್‌ಗಳಲ್ಲೇ ಇತ್ತು. ನೀರು ತಾಳುವ ಇಂಡಿಯನ್ ಇಂಕ್‌ನಲ್ಲಿ ಆ ಇಂಗಾಲದ ಕಣಗಳ ಜೊತೆ ಸಾಮಾನ್ಯವಾಗಿ ಅರಗು ಇರುತ್ತದೆ. ಒಮ್ಮೆ ಒಣಗಿದ ಅರಗಿನ ಪದರ ಬರೀ ನೀರಿಗೆ ಕರಗದು. ಫೌಂಟನ್ ಪೆನ್ನಿನ ಸಾಧಾರಣ ಇಂಕು ನೀರಿನಲ್ಲಿ ಕರಗುವ ಬಣ್ಣ. ಕಪ್ಪಗಿರುವ ಇಂಕೆಲ್ಲ ಒಂದೇ ಎಂದು ನಂಬಿ ಅದರಲ್ಲಿ ಛಾವಣಿ ಬರೆದರೆ, ಮೊದಲ ಬಳಿತಕ್ಕೇ ಗೆರೆ ಕದಡಿ ಆಕಾಶ ಬೂದಿಯಾಗುತ್ತದೆ. ಜಲವರ್ಣದಲ್ಲಿರುವ ಗಮ್ ಅರಾಬಿಕ್ ಅಂಟೂ ಒಣಗಿದ ಮೇಲೆ ಮತ್ತೆ ನೀರಿಗೆ ಕರಗುವಂಥದ್ದೇ. ಆದ್ದರಿಂದ ಒಣಗಿದ ಬಣ್ಣವನ್ನು ಒದ್ದೆ ಕುಂಚದಿಂದ ಎಬ್ಬಿಸಿ ತೆಗೆಯಬಹುದು.

ಆಕಾಶದಲ್ಲಿ ಅಂಚು ಬೇಡವೆಂದರೆ ಕಾಗದವನ್ನು ಮೊದಲೇ ಒದ್ದೆ ಮಾಡಿಕೊಳ್ಳಿ. ಆಗ ನೀರಿಗೆ ಕಚ್ಚಿಕೊಳ್ಳಲು ಗಡಿಯೇ ಸಿಗದೆ ನೀಲಿ ಮೆಲ್ಲಗೆ ಕರಗಿಹೋಗುತ್ತದೆ. ಹೆಂಚಿಗೆ ಮಾತ್ರ ಒಣ ಕಾಗದದ ಮೇಲೆ ಧಾರಾಳ ನೀರಿನ ಬಣ್ಣ ಹಚ್ಚಿ, ಹಲಗೆಯನ್ನು ಸೂರಿನ ಕಡೆಗೆ ತುಸು ಓರೆ ಮಾಡಿ. ಕೆಳಗಿಳಿದ ಬಣ್ಣ ಅಲ್ಲೇ ಗಟ್ಟಿಯಾಗಿ, ಸೂರಿನ ನೆರಳನ್ನು ಬೇರೆ ಬಳಿಯುವ ಕೆಲಸ ತಪ್ಪುತ್ತದೆ.