ಎರಡೇ ವಿಮಾನ, ಇಡೀ ದಿನದ ಕೆಲಸ

ನಾನು ಸಣ್ಣ ವಿಮಾನ ನಿಲ್ದಾಣವೊಂದರಲ್ಲಿ ರನ್‌ವೇ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಬೆಳಿಗ್ಗೆ ಒಂದು ವಿಮಾನ, ಸಂಜೆ ಒಂದು. ಗುರುತಿನವರು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ: "ಉಳಿದ ಹೊತ್ತು ಏನು ಮಾಡ್ತೀರಿ?" ಹಾಗೆ ಕೇಳುವುದು ಸಹಜವೇ. ಹೊರಗಿನಿಂದ ನೋಡಿದರೆ ಖಾಲಿ ಬಯಲು, ಸುತ್ತ ಬೇಲಿ, ಒಂದು ಕಟ್ಟಡ, ಬಿಕೋ ಎನ್ನುವ ಪಾರ್ಕಿಂಗ್ ಜಾಗ. ಉತ್ತರ ಹೇಳಬೇಕೆಂದರೆ ಬೆಳಗಿನ ಜಾವದಿಂದ ಶುರು ಮಾಡಬೇಕು.

ಮೊದಲ ವಿಮಾನ ಬರುವುದಕ್ಕೆ ಒಂದು ಗಂಟೆಗೂ ಮೊದಲೇ ನಮ್ಮ ಜೀಪು ರನ್‌ವೇ ಮೇಲಿರುತ್ತದೆ. ವಿಮಾನಗಳ ಓಡಾಟ ನಿಯಂತ್ರಿಸುವ ಟವರ್‌ನಿಂದ ಅನುಮತಿ ಪಡೆದು, ಮೇಲಿನ ಹಳದಿ ದೀಪ ಹಾಕಿಕೊಂಡು, ವಿಮಾನ ಇಳಿಯುವ ದಿಕ್ಕಿಗೆ ಎದುರಾಗಿ ಹೊರಡುತ್ತೇವೆ. ಹೇಳದೆ ಕೇಳದೆ ಯಾವುದಾದರೂ ವಿಮಾನ ಇಳಿಯಲು ಬಂದರೆ ಅದು ನಮ್ಮ ಕಣ್ಣಿಗೆ ಬೀಳಬೇಕು, ಬೆನ್ನ ಹಿಂದಿನಿಂದ ಬರಬಾರದು. ಅದಕ್ಕೇ ಎದುರು ದಿಕ್ಕು. ನಡುಗೆರೆಯ ಒಂದು ಪಕ್ಕ ಮುಗಿಸಿ, ಬೇಲಿ ಪಕ್ಕದ ದಾರಿಯಲ್ಲಿ ಸುತ್ತಿ ಬಂದು, ಮತ್ತೆ ಇನ್ನೊಂದು ಪಕ್ಕ ನೋಡುತ್ತೇವೆ. ಒಡೆದ ದೀಪ, ಬಿರುಕು, ನಿಂತ ನೀರು, ಸತ್ತ ಹಕ್ಕಿ, ಕಲ್ಲು. ಏನೂ ಸಿಗದ ದಿನವೇ ಜಾಸ್ತಿ. ಆದರೂ ಪ್ರತಿ ದಿನ ಸಿಕ್ಕೇ ಸಿಗುತ್ತದೆ ಅನ್ನುವ ಹಾಗೆ ನೋಡಬೇಕು.

ಒಂದು ಬೆಳಿಗ್ಗೆ, ಚಕ್ರಗಳು ನೆಲ ಮುಟ್ಟುವ ಜಾಗದಲ್ಲಿ, ಕಪ್ಪು ರಬ್ಬರ್ ಗುರುತುಗಳ ನಡುವೆ ಹೆಬ್ಬೆರಳಿನಷ್ಟು ಉದ್ದದ ಒಂದು ಬೋಲ್ಟ್ ಸಿಕ್ಕಿತು. ಕಪ್ಪು ನೆಲದ ಮೇಲೆ ಕಪ್ಪು ಬೋಲ್ಟ್. ಹೆಡ್‌ಲೈಟ್ ಬೆಳಕಿಗೆ ಅದರ ನೆರಳು ಅದಕ್ಕಿಂತ ನಾಲ್ಕು ಪಟ್ಟು ಉದ್ದವಾಗಿ ಬಿದ್ದಿತ್ತು. ನಾನು ಕಂಡದ್ದು ನೆರಳನ್ನು, ಬೋಲ್ಟನ್ನಲ್ಲ. ಅವತ್ತಿನಿಂದ ಕತ್ತಲಿರುವಾಗ ಒಂದು ಸುತ್ತು, ಬೆಳಕು ಹರಿದ ಮೇಲೆ ಇನ್ನೊಂದು ಸುತ್ತು ಅಂತ ಮಾಡಿಕೊಂಡಿದ್ದೇವೆ. ಆ ಬೋಲ್ಟ್ ಎಲ್ಲಿಂದ ಬಂತು ಅಂತ ಹುಡುಕಿದಾಗ ಗೊತ್ತಾದದ್ದು, ಹಿಂದಿನ ಸಂಜೆ ರನ್‌ವೇ ದಾಟಿ ಹೋದ ನಮ್ಮದೇ ಹುಲ್ಲು ಕತ್ತರಿಸುವ ಯಂತ್ರದ್ದು.

ಹೊಸಬರು ಕೆಲಸಕ್ಕೆ ಸೇರಿದಾಗ ಆ ಬೋಲ್ಟನ್ನು ಅವರ ಅಂಗೈ ಮೇಲಿಟ್ಟು ಪ್ಯಾರಿಸ್‌ನ ಕಥೆ ಹೇಳುತ್ತೇನೆ. 2000ದ ಜುಲೈ 25ರಂದು ಅಲ್ಲಿ ಒಂದು ವಿಮಾನ ಹಾರಿಹೋಗುವಾಗ ಅದರಿಂದ ಸುಮಾರು 43 ಸೆಂಟಿಮೀಟರ್ ಉದ್ದದ ಲೋಹದ ಪಟ್ಟಿ ಕಳಚಿ ರನ್‌ವೇ ಮೇಲೆ ಬಿತ್ತು. ಕೆಲವೇ ನಿಮಿಷಗಳ ನಂತರ ಅದೇ ರನ್‌ವೇಯಲ್ಲಿ ಶಬ್ದಕ್ಕಿಂತ ವೇಗವಾಗಿ ಹಾರುವ ಕಾಂಕಾರ್ಡ್ ವಿಮಾನ ಓಡಿತು. ಪಟ್ಟಿ ಟೈರನ್ನು ಸೀಳಿತು. ಟೈರಿನ ತುಂಡು ರೆಕ್ಕೆಯಲ್ಲಿದ್ದ ಇಂಧನ ಟ್ಯಾಂಕಿನ ಕೆಳಭಾಗಕ್ಕೆ ಬಡಿಯಿತು, ಬೆಂಕಿ ಹತ್ತಿತು. ವಿಮಾನದಲ್ಲಿದ್ದವರು, ನೆಲದ ಮೇಲಿದ್ದವರು ಸೇರಿ 113 ಜನ ಹೋದರು. ಪ್ಯಾರಿಸ್‌ನದು ಜಗತ್ತಿನ ದೊಡ್ಡ ನಿಲ್ದಾಣಗಳಲ್ಲಿ ಒಂದು. ಆದರೆ ಬೋಲ್ಟಿಗೆ ನಿಲ್ದಾಣ ದೊಡ್ಡದೋ ಸಣ್ಣದೋ ಗೊತ್ತಿರುವುದಿಲ್ಲ ಅಲ್ವಾ? ಸಣ್ಣ ನಿಲ್ದಾಣದಲ್ಲಿ ಕೈಗಳು ಕಡಿಮೆ ಇರಬಹುದು, ನಿಯಮದಲ್ಲಿ ಮಾತ್ರ ರಿಯಾಯಿತಿ ಇಲ್ಲ.

ನಮ್ಮ ದಿನದ ಕೆಲಸದಲ್ಲಿ ಅರ್ಧದಷ್ಟನ್ನು ಹಿಂದಿನವರು ಎಂದೋ ಗೊತ್ತುಮಾಡಿ ಹೋಗಿದ್ದಾರೆ. ರನ್‌ವೇ ಎಲ್ಲಿದೆ, ಯಾವ ಕಡೆಗೆ ಮುಖ ಮಾಡಿದೆ, ಎಷ್ಟು ಉದ್ದ, ಇದ್ಯಾವುದೂ ನಮ್ಮ ಆಯ್ಕೆಯಲ್ಲ.

ಮೊದಮೊದಲು ರನ್‌ವೇ ಅನ್ನುವುದೇ ಇರಲಿಲ್ಲ. ದೊಡ್ಡ ಹುಲ್ಲುಬಯಲು, ಕಣ್ಣಿಗೆ ಕಾಣುವ ಕಡೆ ಗಾಳಿಯ ದಿಕ್ಕು ತೋರಿಸುವ ಒಂದು ಗಾಳಿಚೀಲ, ಅಷ್ಟೇ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ ಮೂತಿ ಮಾಡಿ ಪೈಲಟ್ ವಿಮಾನ ಓಡಿಸುತ್ತಿದ್ದ. ಎದುರುಗಾಳಿ ಇದ್ದಷ್ಟೂ ಬೇಗ ಮೇಲೇಳಬಹುದು, ಇಳಿಯುವಾಗ ಬೇಗ ನಿಲ್ಲಬಹುದು. ವಿಮಾನಗಳ ತೂಕ ಹೆಚ್ಚಾದಂತೆ ಮಳೆಗೆ ನೆನೆದ ಹುಲ್ಲಿನಲ್ಲಿ ಚಕ್ರಗಳು ಹೂತುಹೋಗತೊಡಗಿದವು. ಗಟ್ಟಿ ನೆಲ ಬೇಕಾಯಿತು. ಗಟ್ಟಿ ನೆಲದ ಪಟ್ಟಿ ಹಾಕಿದರೆ ಸಿಗುವುದು ಎರಡೇ ದಿಕ್ಕು, ಗಾಳಿಗೋ ಎಲ್ಲ ದಿಕ್ಕೂ ಬೇಕು.

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಇದಕ್ಕೆ ಕಂಡುಕೊಂಡ ದಾರಿ ತ್ರಿಕೋನ. 2,000 ಗಜದ ಒಂದು ಮುಖ್ಯ ರನ್‌ವೇ, 1,400 ಗಜದ ಇನ್ನೆರಡು, ಒಂದನ್ನೊಂದು ಅಡ್ಡ ಹಾಯುವಂತೆ. ಬಾಂಬರ್ ವಿಮಾನಗಳಿಗಾಗಿ ಈ ಅಳತೆಯಲ್ಲಿ ಸಾಲು ಸಾಲಾಗಿ ನೆಲೆಗಳು ಎದ್ದವು. ಅಮೆರಿಕದವರು ಕಾಂಕ್ರೀಟಿಗೂ ಕಾಯಲಿಲ್ಲ. ತೂತು ಕೊರೆದ, ಹತ್ತು ಅಡಿ ಉದ್ದ, ಹದಿನೈದು ಇಂಚು ಅಗಲದ ಉಕ್ಕಿನ ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸಿ ದ್ವೀಪಗಳ ಮೇಲೆ ಕೆಲವೇ ದಿನಗಳಲ್ಲಿ ರನ್‌ವೇ ಹಾಸಿದರು.

ಯುದ್ಧ ಮುಗಿಯಿತು. ನೆಲೆಗಳು ಖಾಲಿ ಬಿದ್ದವು. 1935ರ ಡಿಸೆಂಬರ್ 17ರಂದು ಮೊದಲ ಸಲ ಹಾರಿದ ಡಿಸಿ-3 ವಿಮಾನದ ಸೇನಾ ರೂಪಗಳು ಯುದ್ಧಕ್ಕಾಗಿ ಹತ್ತು ಸಾವಿರದಷ್ಟು ತಯಾರಾಗಿದ್ದವು. ಅವೂ ಅಗ್ಗದ ಬೆಲೆಗೆ ಮಾರಾಟಕ್ಕೆ ಬಂದವು. ಖಾಲಿ ರನ್‌ವೇ, ಅಗ್ಗದ ವಿಮಾನ, ಯುದ್ಧದಲ್ಲಿ ಪಳಗಿದ ಪೈಲಟ್‌ಗಳು. ಜಗತ್ತಿನ ಎಷ್ಟೋ ಪ್ರಾದೇಶಿಕ ವಿಮಾನ ನಿಲ್ದಾಣಗಳು ಹುಟ್ಟಿದ್ದು ಹೀಗೆ. ಮುಂದೆ ಮೂತಿಯ ಕೆಳಗೆ ಚಕ್ರ ಇರುವ ವಿಮಾನಗಳು ಬಂದವು. ಅಡ್ಡಗಾಳಿಯನ್ನು ಅವು ಹಿಂದಿನವಕ್ಕಿಂತ ಚೆನ್ನಾಗಿ ತಡೆದುಕೊಂಡವು. ಆಗ ಮೂರರಲ್ಲಿ ಒಂದೇ ರನ್‌ವೇ ಸಾಕಾಯಿತು. ಉಳಿದೆರಡು ಟ್ಯಾಕ್ಸಿವೇ, ಅಂದರೆ ವಿಮಾನ ರನ್‌ವೇಗೆ ಹೋಗಿ ಬರುವ ದಾರಿ ಆದವು, ವಿಮಾನ ನಿಲ್ಲಿಸುವ ಜಾಗ ಆದವು, ಕೆಲವು ಕಡೆ ಹುಲ್ಲು ಮುಚ್ಚಿಹೋದವು. ಅಂಥ ನಿಲ್ದಾಣದ ಮೇಲೆ ಹಾರುವಾಗ ಕೆಳಗೆ ನೋಡಿದರೆ ತ್ರಿಕೋನದ ಗೆರೆಗಳು ಈಗಲೂ ಕಾಣುತ್ತವೆ.

ಯುದ್ಧಕ್ಕೆಂದು ಅವಸರದಲ್ಲಿ ಆರಿಸಿದ ಜಾಗ ಪ್ರಯಾಣಿಕರಿಗೂ ಒಗ್ಗಬೇಕು ಅಂತೇನಿಲ್ಲ. ಸಮತಟ್ಟಾಗಿರಬೇಕು ಅಂತ ತಗ್ಗಿನಲ್ಲಿ ಕಟ್ಟಿದ ಕಡೆ ಮಂಜು ಕೂರುತ್ತದೆ, ನೀರು ಹರಿದು ಹೋಗುವುದಿಲ್ಲ. "ಪಕ್ಕದ ಊರಿನಲ್ಲಿ ಬಿಸಿಲು, ಇಲ್ಲಿ ಮಾತ್ರ ವಿಮಾನ ರದ್ದಾಗಿದೆ" ಅಂತ ಪ್ರಯಾಣಿಕರು ಸಿಟ್ಟಾಗುವುದನ್ನು ನೋಡಿದ್ದೇನೆ. ಅವರ ಸಿಟ್ಟು ತಪ್ಪಲ್ಲ.

ಎಲ್ಲವೂ ಯುದ್ಧದ ಬಳುವಳಿಯಲ್ಲ. ಸ್ಕಾಟ್ಲೆಂಡಿನ ಬಾರಾ ದ್ವೀಪದಲ್ಲಿ 1936ರಿಂದ ಕಡಲ ದಂಡೆಯ ಮರಳೇ ರನ್‌ವೇ. ಉಬ್ಬರ ಬಂದರೆ ಮೂರೂ ರನ್‌ವೇಗಳು ನೀರಿನಡಿ ಹೋಗುತ್ತವೆ, ಹಾಗಾಗಿ ವೇಳಾಪಟ್ಟಿ ಕಡಲು ಹೇಳಿದಂತೆ. ನಾರ್ವೆಯವರು 1968ರಲ್ಲಿ ಬೇರೆಯದೇ ದಾರಿ ಹಿಡಿದರು. ದೊಡ್ಡ ವಿಮಾನಕ್ಕೆ ತಕ್ಕ ರನ್‌ವೇ ಕಟ್ಟುವ ಬದಲು ಬರೀ 800 ಮೀಟರ್ ರನ್‌ವೇ ಕಟ್ಟಿ, ಅದರಲ್ಲಿ ಇಳಿಯಬಲ್ಲ ಟ್ವಿನ್ ಆಟರ್ ವಿಮಾನಗಳನ್ನು ಓಡಿಸಿದರು. ಮೊದಲು ನಾಲ್ಕು ಊರು, ಆಮೇಲೆ ಇನ್ನೂ ಹತ್ತಾರು. ಇದು ನನಗೆ ತುಂಬಾ ಹಿಡಿಸಿದ ತೀರ್ಮಾನ. ಊರಿಗೆ ಬೇಕಾದದ್ದೆಷ್ಟು ಅಂತ ಮೊದಲು ನೋಡಿ ಆಮೇಲೆ ಕಟ್ಟಿದರು. ರನ್‌ವೇ ಉದ್ದ ಇದ್ದರೆ ವಿಮಾನ ತಾನಾಗಿ ಬರುತ್ತದೆ ಅಂದುಕೊಂಡು ಕಟ್ಟಿ, ಬೀಗ ಹಾಕಿದ ನಿಲ್ದಾಣಗಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

"ನಿಮ್ಮಲ್ಲಿಗೆ ದೊಡ್ಡ ವಿಮಾನ ಯಾಕೆ ಬರಲ್ಲ?" ಇದು ಎರಡನೇ ಪ್ರಶ್ನೆ. ರನ್‌ವೇ ಉದ್ದವೊಂದೇ ಸಾಲದು. ಉದಾಹರಣೆಗೆ ಬೆಂಕಿ ಆರಿಸುವ ಗಾಡಿಯನ್ನೇ ತೆಗೆದುಕೊಳ್ಳಿ. ನಿಲ್ದಾಣದಲ್ಲಿ ಎಷ್ಟು ನೀರು, ಎಷ್ಟು ನೊರೆ, ಎಷ್ಟು ಗಾಡಿ ಇರಬೇಕು ಅನ್ನುವುದನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಗೊತ್ತುಮಾಡಿದೆ. ಲೆಕ್ಕ ಪ್ರಯಾಣಿಕರ ಸಂಖ್ಯೆಯ ಮೇಲಲ್ಲ, ವಿಮಾನದ ಉದ್ದ ಮತ್ತು ಒಡಲಿನ ಅಗಲದ ಮೇಲೆ. ಸಣ್ಣ ಊರುಗಳಿಗೆ ಜಾಸ್ತಿ ಹಾರುವ ಎಟಿಆರ್-72 ಸುಮಾರು 27 ಮೀಟರ್ ಉದ್ದ. ಅದು ಐದನೇ ದರ್ಜೆ: ಒಂದು ಗಾಡಿ, ನೊರೆಗೆ ಬೆಂಕಿ ಆರಿಸುವ ಶಕ್ತಿ ನೋಡಿ ಮಟ್ಟ ಕೊಡುತ್ತಾರೆ, ಸಾಮಾನ್ಯವಾಗಿ ಬಳಸುವ ಬಿ ಮಟ್ಟದ್ದಕ್ಕೆ 5,400 ಲೀಟರ್ ನೀರು. ಏರ್‌ಬಸ್ ಎ-320 ಸುಮಾರು ಮೂವತ್ತೇಳೂವರೆ ಮೀಟರ್. ಅದು ಆರನೇ ದರ್ಜೆ: ಎರಡು ಗಾಡಿ, 7,900 ಲೀಟರ್. ಎರಡನೇ ಗಾಡಿ ಅಂದರೆ ಅದನ್ನು ಓಡಿಸುವವರು, ಅವರ ಪಾಳಿ, ರಜೆಯಲ್ಲಿ ಬದಲಿ, ತರಬೇತಿ ಎಲ್ಲವೂ ಸೇರಿ ಬರುತ್ತವೆ. ವಿಮಾನ ಹತ್ತು ಮೀಟರ್ ಉದ್ದವಾದರೆ ನಮ್ಮ ಹಾಜರಿ ಪುಸ್ತಕವೂ ಉದ್ದವಾಗುತ್ತದೆ.

ಗಾಡಿ ಇದ್ದರಷ್ಟೇ ಸಾಲದು, ಕರೆ ಬಂದ ಮೂರು ನಿಮಿಷದೊಳಗೆ ರನ್‌ವೇಯ ಯಾವ ಮೂಲೆಗಾದರೂ ತಲುಪಿ ನೊರೆ ಚಿಮ್ಮಿಸಬೇಕು, ಎರಡೇ ನಿಮಿಷಕ್ಕೆ ಸಾಧ್ಯವಾದರೆ ಇನ್ನೂ ಒಳ್ಳೆಯದು. ಇದನ್ನು ಗಡಿಯಾರ ಹಿಡಿದು ಅಭ್ಯಾಸ ಮಾಡುತ್ತೇವೆ. ಬೂಟು ಗಾಡಿಯ ಬಾಗಿಲ ಪಕ್ಕದಲ್ಲೇ ಇರುತ್ತದೆ, ಪ್ಯಾಂಟು ಬೂಟಿನ ಮೇಲೆ ಮಡಚಿ ಇಳಿಬಿಟ್ಟಿರುತ್ತದೆ. ಕಾಲು ತೂರಿಸಿ ಮೇಲೆಳೆದುಕೊಂಡರೆ ಎರಡೂ ಒಟ್ಟಿಗೆ ಹಾಕಿಕೊಂಡಂತೆ. ಸಂಜೆ ವಿಮಾನ ಹೋದ ಮೇಲೆ ಅದನ್ನು ಹಾಗೆಯೇ ಮಡಚಿ ಇಡುವುದು ಕೂಡ ಕೆಲಸವೇ.

ವಿಮಾನ ಬರುವ ಹಿಂದಿನ ಅರ್ಧ ಗಂಟೆ ಎಲ್ಲವೂ ಒಟ್ಟಿಗೆ ಬರುತ್ತದೆ. ಗಾಳಿ, ಮೋಡದ ಎತ್ತರ, ಎಷ್ಟು ದೂರ ಕಾಣುತ್ತದೆ, ಒತ್ತಡ ಎಷ್ಟು, ಇದೆಲ್ಲ ಪೈಲಟ್‌ಗೆ ಹೋಗಬೇಕು. ಇದರಲ್ಲಿ ಜನರಿಗೆ ಕಡಿಮೆ ಗೊತ್ತಿರುವುದು ಒತ್ತಡದ ಅಂಕಿ. ವಿಮಾನದ ಎತ್ತರ ತೋರಿಸುವ ಸಾಧನ ಗಾಳಿಯ ಒತ್ತಡವನ್ನು ನೋಡಿ ಲೆಕ್ಕ ಹಾಕುತ್ತದೆ. ಒತ್ತಡವನ್ನು ಅಳೆಯುವುದು ಹೆಕ್ಟೋಪ್ಯಾಸ್ಕಲ್ ಲೆಕ್ಕದಲ್ಲಿ; ಅದರಲ್ಲಿ ಒಂದು ತಪ್ಪಿದರೆ ಎತ್ತರ ಎಂಟು ಮೀಟರಿಗಿಂತ ಸ್ವಲ್ಪ ಜಾಸ್ತಿಯೇ ತಪ್ಪುತ್ತದೆ. 1003 ಅಂದದ್ದು 1013 ಅಂತ ಕೇಳಿಸಿತು ಅಂದುಕೊಳ್ಳಿ. ಪೈಲಟ್ ತಾನು ಇದ್ದೇನೆ ಅಂದುಕೊಂಡ ಎತ್ತರಕ್ಕಿಂತ ಎಂಬತ್ತು ಮೀಟರಿಗೂ ಜಾಸ್ತಿ ಕೆಳಗಿರುತ್ತಾನೆ. ಮೋಡದೊಳಗಿಂದ ಇಳಿಯುವಾಗ ಇದು ಸಣ್ಣ ಮಾತಲ್ಲ. ಅದಕ್ಕೇ ಒಂದೊಂದೇ ಅಂಕಿಯಾಗಿ ಹೇಳುವುದು, ಪೈಲಟ್ ಅದನ್ನು ತಿರುಗಿ ಹೇಳುವುದು, ಅದನ್ನು ಕಿವಿಗೊಟ್ಟು ಕೇಳುವುದು. ದಿನವೂ ಅದೇ ಮಾತು, ಅದೇ ಧ್ವನಿ. ಕಿವಿ ತನ್ನಷ್ಟಕ್ಕೆ "ಸರಿ" ಅಂದುಬಿಡುವ ಅಪಾಯ ಎರಡೇ ವಿಮಾನ ಬರುವ ಕಡೆಯೇ ಜಾಸ್ತಿ ಅಂತ ನನ್ನ ಅನುಭವ.

ಇನ್ನು ಮಧ್ಯಾಹ್ನದ ಕೆಲಸ. ಅದರಲ್ಲಿ ಹೆಚ್ಚು ತಲೆ ತಿನ್ನುವುದು ಹುಲ್ಲು. ನಗಬೇಡಿ. 1960ರ ಅಕ್ಟೋಬರ್ 4ರಂದು ಬಾಸ್ಟನ್‌ನಲ್ಲಿ ನಾಲ್ಕು ಎಂಜಿನ್‌ಗಳ ಎಲೆಕ್ಟ್ರಾ ವಿಮಾನವೊಂದು ಮೇಲೇಳುತ್ತಿದ್ದಂತೆ ಸ್ಟಾರ್ಲಿಂಗ್ ಹಕ್ಕಿಗಳ ಹಿಂಡಿಗೆ ನುಗ್ಗಿತು. ನಮ್ಮ ಮೈನಾ ಬಳಗದ ಹಕ್ಕಿ ಅದು, ಅಂಗೈಯಲ್ಲಿ ಹಿಡಿಸುವಷ್ಟು. ಎಂಜಿನ್‌ಗಳು ಬಲ ಕಳೆದುಕೊಂಡು ವಿಮಾನ ನೀರಿಗೆ ಬಿತ್ತು. 72 ಜನರಲ್ಲಿ 62 ಜನ ಉಳಿಯಲಿಲ್ಲ.

ಹಕ್ಕಿ ಓಡಿಸಲು ಪಟಾಕಿ ಸಿಡಿಸುತ್ತೇವೆ, ಸದ್ದು ಮಾಡುತ್ತೇವೆ. ಸ್ವಲ್ಪ ದಿನದಲ್ಲಿ ಅವು ಅದಕ್ಕೆ ಒಗ್ಗಿಕೊಳ್ಳುತ್ತವೆ. ಹಕ್ಕಿ ಯಾಕೆ ಬಂತು ಅಂತ ನೋಡಿದರೇನೇ ಪ್ರಯೋಜನ. ಹುಲ್ಲು ಗಿಡ್ಡವಾಗಿದ್ದರೆ ನೆಲದ ಹುಳು ಸಲೀಸಾಗಿ ಕಾಣುತ್ತದೆ, ಮೇಲೆ ಗಿಡುಗ ಬಂದರೂ ಕಾಣುತ್ತದೆ. ಹಿಂಡಾಗಿ ಮೇಯುವ ಹಕ್ಕಿಗಳಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಹಾಗಂತ ಪೂರ್ತಿ ಬೆಳೆಯಲು ಬಿಟ್ಟರೆ ಇಲಿ, ಇಲಿಯ ಹಿಂದೆ ಹಾವು, ಅವೆರಡರ ಹಿಂದೆ ದೊಡ್ಡ ಹಕ್ಕಿಗಳು. ಬ್ರಿಟನ್‌ನ ನಿಲ್ದಾಣಗಳಲ್ಲಿ ಹುಲ್ಲನ್ನು 15ರಿಂದ 20 ಸೆಂಟಿಮೀಟರ್ ಎತ್ತರದಲ್ಲಿ ಉಳಿಸಿಕೊಳ್ಳುವ ರೂಢಿ ಬಂದಿದ್ದು ಇದೇ ಲೆಕ್ಕದಿಂದ. ಬೇರೆ ಹವೆ, ಬೇರೆ ಹಕ್ಕಿ ಇರುವ ಕಡೆ ಅಳತೆ ಬೇರೆಯಾಗುತ್ತದೆ. ಅದನ್ನು ಅಲ್ಲಿನವರೇ ನೋಡಿ ನೋಡಿ ಕಲಿಯಬೇಕು.

ನಾನು ಕಲಿತದ್ದು ಒಂದು ತಪ್ಪಿನಿಂದ. ಮಳೆ ನಿಂತ ಮಾರನೇ ದಿನ, ಹೊತ್ತು ಸಿಕ್ಕಿತಲ್ಲ ಅಂತ ಬೆಳಿಗ್ಗೆಯೇ ಹುಲ್ಲು ಕತ್ತರಿಸಿಸಿದೆ. ಯಂತ್ರ ಹೋದ ದಾರಿಯಲ್ಲಿ ಮಿಡತೆಗಳು ಎದ್ದವು. ಒಂದು ಗಂಟೆಯೊಳಗೆ ಬೆಳ್ಳಕ್ಕಿಗಳು ಯಂತ್ರದ ಹಿಂದೆ ಸಾಲು ಕಟ್ಟಿ ನಡೆಯುತ್ತಿದ್ದವು, ಸಂಜೆಯಾದರೂ ಕದಲಲಿಲ್ಲ. ವಿಮಾನವನ್ನು ಹದಿನೈದು ನಿಮಿಷ ಆಕಾಶದಲ್ಲೇ ಸುತ್ತಿಸಬೇಕಾಯಿತು. ಈಗ ಸಂಜೆಯ ವಿಮಾನ ಹೋದ ಮೇಲೆಯೇ ಕತ್ತರಿಸುವುದು. ಮೊದಲು ಹೇಳಿದ ಆ ಬೋಲ್ಟ್ ರಾತ್ರಿಯೆಲ್ಲ ರನ್‌ವೇ ಮೇಲೆ ಬಿದ್ದಿದ್ದು ಈ ಬದಲಾವಣೆಯಿಂದಲೇ. ಒಂದು ಅಪಾಯ ತಪ್ಪಿಸಲು ಹೋಗಿ ಇನ್ನೊಂದನ್ನು ಒಳಗೆ ಬಿಟ್ಟುಕೊಂಡಿದ್ದೆವು. ಈಗ ಯಂತ್ರ ಹೊರಗೆ ಬಂದ ಕೂಡಲೇ ಅದರ ಬೋಲ್ಟ್‌ಗಳನ್ನು ಎಣಿಸಿ ಪುಸ್ತಕದಲ್ಲಿ ಬರೆಯುತ್ತೇವೆ.

ಇಷ್ಟು ಜನ, ಇಷ್ಟು ಖರ್ಚು ಎರಡು ವಿಮಾನಕ್ಕೆ ಬೇಕಾ ಅನ್ನುವವರಿದ್ದಾರೆ. ಸ್ವೀಡನ್‌ನ ಅರ್ನ್‌ಶೋಲ್ಡ್ಸ್‌ವಿಕ್ ನಿಲ್ದಾಣದ ಟವರ್ ಕೆಲಸವನ್ನು 2015ರಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಸುಂಡ್ಸ್‌ವಾಲ್‌ನಲ್ಲಿ ಕೂತು, ಕ್ಯಾಮೆರಾ ಪರದೆಗಳನ್ನು ನೋಡುತ್ತಾ ನಿಭಾಯಿಸುತ್ತಿದ್ದಾರೆ. ನಾನಿದನ್ನು ಸ್ವಾಗತಿಸುತ್ತೇನೆ. ಇದರಿಂದ ಸಣ್ಣ ನಿಲ್ದಾಣಗಳು ಬದುಕಿ ಉಳಿಯಬಹುದು. ಆದರೆ ಬಗ್ಗಿ ಬೋಲ್ಟ್ ಎತ್ತುವವರು, ನೊರೆ ಚಿಮ್ಮಿಸುವವರು ಅಲ್ಲೇ ಇರಬೇಕು.

ಬಳಕೆ ಕಡಿಮೆ ಅಂತ ಬಿಟ್ಟ ರನ್‌ವೇ ಯಾವಾಗ ಬೇಕಾದೀತು ಹೇಳಲಾಗದು. 1983ರ ಜುಲೈ 23ರಂದು ಕೆನಡಾದಲ್ಲಿ ಒಂದು ಬೋಯಿಂಗ್ 767 ವಿಮಾನ ನಡುಆಕಾಶದಲ್ಲಿ ಇಂಧನ ಮುಗಿದು ಎರಡೂ ಎಂಜಿನ್ ಕಳೆದುಕೊಂಡಿತು. ಇಂಧನ ತುಂಬುವಾಗ ಪೌಂಡ್ ಮತ್ತು ಕಿಲೋ ಲೆಕ್ಕ ಅದಲು ಬದಲಾಗಿತ್ತು. ಅದು ತೇಲುತ್ತಾ ಬಂದು ಇಳಿದದ್ದು ಗಿಮ್ಲಿ ಎಂಬ ಊರಿನ ಹಳೆಯ ವಾಯುಪಡೆ ನೆಲೆಯಲ್ಲಿ. ಸಹಪೈಲಟ್ ಹಿಂದೆ ಅಲ್ಲಿ ಕೆಲಸ ಮಾಡಿದ್ದರಿಂದ ಅವರಿಗೆ ಜಾಗ ನೆನಪಿತ್ತು. ಆ ರನ್‌ವೇ ಅಷ್ಟು ಹೊತ್ತಿಗೆ ಕಾರ್ ರೇಸಿನ ಮೈದಾನವಾಗಿತ್ತು. ವಿಮಾನದಲ್ಲಿದ್ದವರೆಲ್ಲ ಬದುಕಿದರು.

ನಮ್ಮಲ್ಲಿ ಅಷ್ಟು ದೊಡ್ಡದೇನೂ ಆಗಿಲ್ಲ. ಒಂದು ರಾತ್ರಿ ಹತ್ತೂವರೆಗೆ ಫೋನ್ ಬಂತು. ರೋಗಿಯೊಬ್ಬರನ್ನು ಕರೆದೊಯ್ಯಲು ಸಣ್ಣ ವಿಮಾನ ಬರಬೇಕು, ರನ್‌ವೇ ಸಿಗುತ್ತದಾ ಅಂತ. ಮನೆಗೆ ಹೋಗಿದ್ದ ಫೈರ್ ಸಿಬ್ಬಂದಿಯನ್ನು ಕರೆಸಿದೆವು. ದೀಪ ಹಾಕಿದೆವು, ಎರಡು ಸಾಲು ಬೆಳಕು ಕತ್ತಲಲ್ಲಿ ಒಮ್ಮೆಲೇ ಎದ್ದು ನಿಂತಿತು. ಮಳೆ ಬಿದ್ದು ನಿಂತಿತ್ತು, ರನ್‌ವೇ ತುಂಬ ಕಪ್ಪೆಗಳು. ಜೀಪು ತೆಗೆದುಕೊಂಡು ನಡುಗೆರೆಯ ಒಂದು ಪಕ್ಕ, ಬೇಲಿ ಪಕ್ಕದ ದಾರಿ, ಮತ್ತೆ ಇನ್ನೊಂದು ಪಕ್ಕ. ವಿಮಾನ ನೆಲದ ಮೇಲಿದ್ದದ್ದು ಇಪ್ಪತ್ತು ನಿಮಿಷವೂ ಇರಲಿಕ್ಕಿಲ್ಲ. ಅದರ ದೀಪ ಮೋಡದಲ್ಲಿ ಮರೆಯಾದ ಮೇಲೂ ಅರ್ಧ ಗಂಟೆ ರನ್‌ವೇ ದೀಪ ಆರಿಸಲಿಲ್ಲ, ಏನಾದರೂ ತೊಂದರೆಯಾಗಿ ಹಿಂದಿರುಗಿ ಬಂದರೆ ಬೇಕಲ್ಲ. ಆಮೇಲೆ ಪುಸ್ತಕದಲ್ಲಿ ಹೊತ್ತು ಬರೆದು ಸಹಿ ಮಾಡಿದೆ. ಬೆಳಗಿನ ಸುತ್ತಿಗೆ ಇನ್ನು ನಾಲ್ಕು ಗಂಟೆ ಇತ್ತು.